ಡಿಸೆಂಬರಿನ ಆಷಾಢ

ಆ ಸುಳ್ಳನ್ನು ಹೇಳುವಾಗ ಅದು ಸುಳ್ಳು ಅಂತ ನನಗೆ ಅನ್ನಿಸಿರಲಿಲ್ಲ. ಫೋನಿನ ಆ ಕಡೆ ನನ್ನ ಬೀಗಿತ್ತಿ ಮಿಸೆಸ್ ಖೂ ಇದ್ದರು. ಈ ಕಡೆ ಸೋಫಾದ ಮೇಲೆ ನನ್ನ ಮಗಳು ಜ್ಯೋತ್ಸ್ನಾ ಮುಖ ಆ ಕಡೆ ಮಾಡಿಕೊಂಡು ನಿದ್ದೆ ಹೋಗಿದ್ದಳು. ಒಂದು ಬ್ಯಾಗ್ ಹಿಡಿದುಕೊಂಡು ಅವಳು ಅಡಿಲೇಡಿನ ಮಾಡ್ಬರಿಯ ನಮ್ಮ ಮನೆಗೆ ಬಂದು ಎರಡು ದಿನವಾಗಿತ್ತು. ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಗಂಡ ವೇ ಜಿಯೆ ಅವಳನ್ನು ಒಂದು ಮಾತೂ ಕೇಳದೆ ಬ್ರಿಸ್ಬೇನಿನ ಕೆಲಸವೊಂದನ್ನು ಒಪ್ಪಿಕೊಂಡು ಬಂದಿದ್ದನಂತೆ. ಜನವರಿಯಲ್ಲಿ ಹೊರಡಬೇಕಂತೆ.

"ಹಿ ಡಿಡಂಟ್ ಆಸ್ಕ್, ಅಮ್ಮಾ. ಹಿ ಇನ್ಫಾರ್ಮ್‌ಡ್ ಮಿ," ಎಂದಷ್ಟೇ ಅವಳು ಹೇಳಿದ್ದಳು.

ಮಿಸೆಸ್ ಖೂ ಮಲೇಷಿಯಾದ ಪೆನಾಂಗ್‌ನ ಚೀನೀ ಮನೆತನದವರು. ಗಂಡ ತೀರಿಕೊಂಡ ಮೇಲೆ ಅಡಿಲೇಡಿಗೆ ಬಂದು ಮಗನ ಜೊತೆಗಿದ್ದಾರೆ. ಸಂಪ್ರದಾಯ ಅಂದರೆ ಅವರಿಗೆ ಪ್ರಾಣ. "ಸೊಸೆ ಮನೆಗೆ ಯಾವಾಗ ಬರ್ತಾಳೆ?" ಎಂದು ಅವರು ಕೇಳಿದಾಗ, ಜಗಳದ ವಿಷಯ ನನ್ನ ಬಾಯಿಂದ ಹೊರಡುವುದು ಬೇಡ ಎನ್ನಿಸಿತು.

"ನಮ್ಮಲ್ಲಿ ಆಷಾಢ ಅಂತ ಒಂದು ತಿಂಗಳಿದೆ," ಎಂದೆ. "ಮದುವೆಯಾದ ಮೊದಲ ವರ್ಷ ಆ ತಿಂಗಳು ಹುಡುಗಿ ತವರಿನಲ್ಲಿರಬೇಕು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು."

"ಅಯ್ಯೋ, ಮೊದಲೇ ಹೇಳಬಾರದಾ? ಮತ್ತೆ ಮಗ?"

"ಅಳಿಯನೂ ಅಷ್ಟೆ. ಅತ್ತೆ ಮನೆ ಹೊಸಿಲು ತುಳಿಯೋ ಹಾಗಿಲ್ಲ."

ಆಷಾಢ ಮುಗಿದು ಆಗಲೇ ನಾಲ್ಕು ತಿಂಗಳಾಗಿತ್ತು. ಅವರು ಮಗನ ವಿಷಯ ಕೇಳದೆ ಇದ್ದಿದ್ದರೆ ನಾನು ಆ ಎರಡನೆಯ ಮಾತು ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅನಂತಪದ್ಮನಾಭ ಸಂಜೆ ಪರ್ತ್‌ನಿಂದ ಫೋನ್ ಮಾಡಿದಾಗ ಹೇಳಿದೆ. ನನ್ನ ಗಂಡ ಆರು ವರ್ಷದಿಂದ ಅಲ್ಲೇ ಗಣಿ ಕಂಪನಿಯೊಂದರಲ್ಲಿ ಎಂಜಿನಿಯರು. ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ.

"ಡಿಸೆಂಬರಲ್ಲಿ ಆಷಾಢಾನಾ? ನಿನ್ನ ಪಂಚಾಂಗ ಬರೆದುಕೊಟ್ಟೋರು ಯಾರೇ?" ಎಂದು ನಕ್ಕರು.

"ಈ ದೇಶದಲ್ಲಿ ಎಲ್ಲಾ ತಲೆಕೆಳಗೇ ಅಲ್ವಾ."

"ನೋಡ್ಕೋ ಮಾರಾಯ್ತಿ. ಆಮೇಲೆ ಬಿಡಿಸೋಕೆ ನನ್ನ ಕರೀಬೇಡ."

ನಾಲ್ಕನೆಯ ದಿನ ಬೀನ್ಸ್ ಸೋಸುತ್ತ ಕೂತಿದ್ದಾಗ ಜ್ಯೋತ್ಸ್ನಾ ತಾನಾಗಿಯೇ ಬಾಯಿ ಬಿಟ್ಟಳು. "ಅವನ ನಂಬರ್ ಬ್ಲಾಕ್ ಮಾಡಿದೀನಿ. ಮೆಸೇಜಲ್ಲಿ ಸಾರಿ ಹೇಳೋದೆಲ್ಲ ಬೇಡ, ಮಾತಾಡ್ಬೇಕಿದ್ರೆ ಬಂದು ಎದುರಿಗೆ ಮಾತಾಡು ಅಂತ ಹೇಳೇ ಬಂದಿದ್ದು. ಲೆಟ್ಸ್ ಸೀ, ಬರ್ತಾನಾ ಅಂತ."

ಕೈಯಲ್ಲಿದ್ದ ಬೀನ್ಸ್ ಹಾಗೇ ಉಳಿಯಿತು. ಅವನು ಬರುವುದಿಲ್ಲ, ಬರದ ಹಾಗೆ ನಾನೇ ಮಾಡಿದ್ದೇನೆ ಎಂದು ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅವಳು ತಲೆಗೆ ಎಣ್ಣೆ ಹಚ್ಚಿಸಿಕೊಂಡು ನನ್ನ ಮೊಣಕಾಲಿಗೆ ಒರಗಿ ಕೂತಿದ್ದಳು, ಹೇಳಲಾಗಲಿಲ್ಲ. ದಿನಾ ಊಟದ ಮೇಜಿನ ಮೇಲೆ ಎರಡು ತಟ್ಟೆ ಇಟ್ಟು ಎಷ್ಟು ಕಾಲವಾಗಿತ್ತು! ಪಕ್ಕದ ರೂಮಿನಲ್ಲಿ ಒಬ್ಬರು ಮಗ್ಗುಲು ಬದಲಿಸುವ ಸದ್ದು ಕೇಳಿದರೆ ನಿದ್ದೆ ಬರುತ್ತದೆ ಎನ್ನುವುದನ್ನೇ ಮರೆತಿದ್ದೆ. ಬ್ರಿಸ್ಬೇನ್ ಎರಡೂವರೆ ಗಂಟೆಯ ವಿಮಾನ. ಪರ್ತ್ ಇನ್ನೊಂದು ದಿಕ್ಕಿಗೆ ಮೂರು ಗಂಟೆ. ನಡುವೆ ನಾನು.

ಅವಳು ಮಾತ್ರ ಬೀದಿಯಲ್ಲಿ ಕಾರು ನಿಂತ ಸದ್ದಾದರೆ ಕಿಟಕಿಯ ಹತ್ತಿರ ಹೋಗುತ್ತಿದ್ದಳು. ಎರಡನೆಯ ವಾರ ಹೋಗುವುದನ್ನು ನಿಲ್ಲಿಸಿದಳು. ಮೂರನೆಯ ವಾರ, "ಬೇರೆ ಮನೆ ನೋಡ್ಬೇಕು. ನನಗೊಬ್ಬಳಿಗೆ," ಎಂದಳು. ನನಗೆ ಭಯವಾಯಿತು. ಅದರ ಜೊತೆಗೇ ಏನೋ ಒಂದು ಹಗುರವೂ ಆಯಿತು. ಹಗುರವಾದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳ ಸಂಸಾರ ಉಳಿಯಲಿ ಎಂದು ಸುಳ್ಳು ಹೇಳಿದೆನೋ, ಅವಳು ನನಗೆ ಉಳಿಯಲಿ ಎಂದೋ?

ಡಿಸೆಂಬರ್ ಇಪ್ಪತ್ತೊಂದು, ಭಾನುವಾರ. ಬೆಳಿಗ್ಗೆಯೇ ಮೂವತ್ತೊಂಬತ್ತು ಡಿಗ್ರಿ ಎಂದು ರೇಡಿಯೋದಲ್ಲಿ ಹೇಳಿದ್ದರು. ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆರೆದರೆ ಮಿಸೆಸ್ ಖೂ. ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬೋಗುಣಿ. ಕೆನ್ನೆ ಕೆಂಪಾಗಿ, ಕತ್ತಿನಿಂದ ಬೆವರು ಇಳಿಯುತ್ತಿತ್ತು.

"ಒಳಗೆ ಬನ್ನಿ, ಬನ್ನಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನೋ ನೋ. ನಿಮ್ಮ ತಿಂಗಳು ಇನ್ನೂ ಮುಗಿದಿಲ್ಲ ಲಾ." ಮಾತಿನ ಕೊನೆಗೆ ಬರುವ ಆ 'ಲಾ' ಅವರ ಪೆನಾಂಗಿನ ರೂಢಿ.

ವರಾಂಡಾದ ಅಂಚಿನಲ್ಲಿ ನಿಂತೇ ಅವರು ಹೇಳಿದರು. ಇವತ್ತು ದೋಂಗ್‌ಝಿ, ಚಳಿಗಾಲದ ಹಬ್ಬ. ವರ್ಷದಲ್ಲೇ ಅತಿ ದೊಡ್ಡ ರಾತ್ರಿ. ಮನೆಯವರೆಲ್ಲ ಕೂತು ಅಂಟಕ್ಕಿ ಹಿಟ್ಟಿನ ಉಂಡೆ ಕಟ್ಟಿ, ಶುಂಠಿ ಪಾಕದಲ್ಲಿ ಹಾಕಿ ತಿನ್ನಬೇಕು. ತಿಂದರೆ ಎಲ್ಲರಿಗೂ ಒಂದು ವಯಸ್ಸು ಹೆಚ್ಚಿತು ಎಂದು ಲೆಕ್ಕ.

ನಾನು ಅವರ ಹಿಂದಿನ ಉರಿಬಿಸಿಲನ್ನು ನೋಡಿದೆ. ಇಲ್ಲಿ ಇವತ್ತು ವರ್ಷದಲ್ಲೇ ಅತಿ ದೊಡ್ಡ ಹಗಲು.

"ಗೊತ್ತು, ಗೊತ್ತು," ಎಂದರು. "ಪೆನಾಂಗಲ್ಲೂ ಚಳಿ ಎಲ್ಲಿತ್ತು? ಫ್ಯಾನ್ ಹಾಕ್ಕೊಂಡೇ ತಿಂದಿದ್ದು. ಚಳಿ ನೋಡಿದ್ದು ನಮ್ಮ ಅಜ್ಜಿ ಮಾತ್ರ." ಆಮೇಲೆ ದನಿ ತಗ್ಗಿಸಿದರು. "ಮೈಥಿಲಿ, ಇನ್ನೊಂದು ವಿಷಯ. ಮದುವೆಯಾದ ಮಗಳು ದೋಂಗ್‌ಝಿ ದಿನ ತವರಲ್ಲಿ ಇರಬಾರದು. ತವರಿಗೇ ಒಳ್ಳೇದಲ್ಲ. ನಿಮ್ಮ ಪದ್ಧತಿ ಪ್ರಕಾರ ಅವಳು ನನ್ನ ಮನೇಲೂ ಇರೋ ಹಾಗಿಲ್ಲ. ಮೂರು ದಿನದಿಂದ ಯೋಚನೆ ಮಾಡಿದೆ. ಪಾರ್ಕಲ್ಲಿ ಬಾರ್ಬೆಕ್ಯೂ ಒಲೆ ಇದೆಯಲ್ಲ? ಅಲ್ಲೇ ಪಾತ್ರೆ ಇಟ್ಟು ಬೇಯಿಸ್ತೀನಿ. ಅಲ್ಲಿ ಹೊಸಿಲೇ ಇಲ್ಲ. ಅವಳನ್ನ ಒಂದು ಗಂಟೆ ಕಳಿಸಿ, ಸಾಕು."

ರಸ್ತೆಯಾಚೆ ನೀಲಗಿರಿ ಮರದ ಕೆಳಗೆ ಅವರ ಬಿಳಿ ಕಾರು ನಿಂತಿತ್ತು. ಒಳಗೆ ವೇ ಜಿಯೆ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದ.

"ಮೂರು ಸಲ ಹೊರಟ," ಎಂದರು ಮಿಸೆಸ್ ಖೂ. "ನಾನೇ ತಡೆದೆ. ಹೆಂಡತಿ ಮನೆಯ ಸಂಪ್ರದಾಯ, ಮುರಿಯಬೇಡ ಅಂದೆ."

ಅರವತ್ತೆಂಟು ವರ್ಷದ ಹೆಂಗಸು ನನ್ನ ಸುಳ್ಳಿಗೆ ಮರ್ಯಾದೆ ಕೊಟ್ಟು ಬಿಸಿಲಲ್ಲಿ ನಿಂತಿದ್ದರು.

"ಮಿಸೆಸ್ ಖೂ, ಇದು ಆಷಾಢ ಅಲ್ಲ," ಎಂದೆ. "ಅದು ಜೂನ್-ಜುಲೈನಲ್ಲಿ ಬರೋದು. ಮುಗಿದುಹೋಗಿದೆ. ನಾನು... ಸುಮ್ಮನೆ ಹೇಳಿದೆ."

ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಹಿಂದೆ ಜ್ಯೋತ್ಸ್ನಾ ಬಂದು ನಿಂತಿದ್ದಳು.

"ವಾಟ್ ಆಷಾಢ? ಅಮ್ಮಾ? ಏನು ಹೇಳಿದ್ದೆ ನೀನು ಅವರಿಗೆ?"

ಹೇಳಿದೆ. ಎಲ್ಲವನ್ನೂ, ಹೊಸಿಲು, ಅಳಿಯ, ಬೀನ್ಸ್ ಸೋಸಿದ ದಿನ ಸುಮ್ಮನಿದ್ದದ್ದನ್ನೂ. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನನ್ನು ಗುರುತು ಸಿಗದವರ ಹಾಗೆ ನೋಡಿ, ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ ಹೋಗಿ ಕಾರಿನ ಬಾಗಿಲು ತೆರೆದಳು.

ಕಾರು ಸುಮಾರು ಹೊತ್ತು ಅಲ್ಲೇ ನಿಂತಿತ್ತು. ಒಳಗೆ ಇಬ್ಬರ ಕೈಗಳೂ ಆಡುತ್ತಿದ್ದವು. ಆಮೇಲೆ ಹೊರಟೇ ಹೋಯಿತು.

"ಅಯ್ಯೋ! ನನ್ನ ಹ್ಯಾಂಡ್‌ಬ್ಯಾಗು!" ಎಂದರು ಮಿಸೆಸ್ ಖೂ. ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಒಳಗೆ ಬಂದು ಒಂದು ಲೋಟ ನೀರು ಕುಡಿದ ಮೇಲೆ ಅವರು ನೇರವಾಗಿ ಕೇಳಿದರು. "ಯಾಕೆ ಹಾಗೆ ಹೇಳಿದಿರಿ? ನನ್ನ ಮಗ ಇಪ್ಪತ್ತು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ಸಂಪ್ರದಾಯ ಅಂತ ನಂಬಿದೆ."

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನು? ಅವಳು ಬ್ರಿಸ್ಬೇನಿಗೆ ಹೋಗಬೇಕಾ, ಬೇಡವಾ? ನಿಮಗೆ?"

"ಹೋಗಬೇಕು," ಎಂದೆ. ಅವರ ಲೋಟಕ್ಕೆ ಇನ್ನಷ್ಟು ನೀರು ಹಾಕಿ, "ಬೇಡ," ಎಂದೆ.

ಅವರು ಬಟ್ಟೆ ತೆಗೆದು ಬೋಗುಣಿಯನ್ನು ನಮ್ಮಿಬ್ಬರ ನಡುವೆ ಇಟ್ಟರು. ಅರ್ಧ ಬಿಳಿ, ಅರ್ಧ ಕೆಂಪು ಹಿಟ್ಟು. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಉಂಡೆ ಕಟ್ಟುವುದು ನನಗೆ ಹೊಸದಲ್ಲ; ಆದರೆ ಆ ಹಿಟ್ಟು ಕೈಗೆ ಅಂಟುತ್ತಿತ್ತು. "ಇಷ್ಟು ದಪ್ಪ ಬೇಡ," ಎಂದು ನನ್ನ ಉಂಡೆಗಳನ್ನು ಮುರಿದು ಮತ್ತೆ ಕಟ್ಟಿದರು. ಗಂಟೆ ಆರು ದಾಟಿತು. ಬಿಸಿಲು ಇಳಿಯುವ ಲಕ್ಷಣವೇ ಇರಲಿಲ್ಲ.

ಫೋನ್ ಬಂತು.

"ಅಮ್ಮಾ," ಎಂದಳು ಜ್ಯೋತ್ಸ್ನಾ. ದನಿ ಅತ್ತು ಕಟ್ಟಿತ್ತು. "ನಿನ್ನ ಮೇಲೆ ನನಗಿನ್ನೂ ಕೋಪ ಇದೆ. ಅವನ ಮೇಲೂ ಇದೆ. ವಿ ಆರ್ ಸ್ಟಿಲ್ ಫೈಟಿಂಗ್. ಬಟ್ ಹಸಿವಾಗ್ತಿದೆ. ಇಬ್ಬರೂ ಅಲ್ಲಿಗೇ ಬಂದ್ಬಿಡ್ತೀವಿ."

ಮಿಸೆಸ್ ಖೂ ತಲೆ ಎತ್ತಿದರು. ನನ್ನ ಮುಖ ನೋಡಿದರು. ಬರಲಿ ಎನ್ನುವುದು ಎಷ್ಟು ಸುಲಭವಾಗಿತ್ತು. ಮಗಳ ರೂಮಿನ ಹಾಸಿಗೆ ಇನ್ನೂ ಮಡಿಸಿರಲಿಲ್ಲ.

"ಇಲ್ಲಿಗೆ ಬರಬೇಡ ಪುಟ್ಟಿ," ಎಂದೆ. "ಇವತ್ತು ನೀನು ಇಲ್ಲಿರೋ ಹಾಗಿಲ್ಲ. ನಿನ್ನ ಮನೆಗೆ ಹೋಗು. ನಾವೇ ಅಲ್ಲಿಗೆ ತರ್ತೀವಿ."

"ಇದು ಯಾವ ತಿಂಗಳಮ್ಮಾ ಈಗ?"

"ಇದು ನಿಜವಾದದ್ದು. ನಿಮ್ಮತ್ತೇನ ಕೇಳು."

ಫೋನಿನಾಚೆ ಅವಳು ವೇ ಜಿಯೆಗೆ ಏನೋ ಹೇಳಿದಳು. ಆಮೇಲೆ, "ಓಕೆ," ಎಂದಳು. ಯಾವ ಓಕೆ ಎಂದು ತಿಳಿಯಲಿಲ್ಲ.

ಉಂಡೆಗಳನ್ನು ಪಾಕದಲ್ಲಿ ಬೇಯಿಸಿ, ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಿಸೆಸ್ ಖೂ ನನ್ನ ಕಾರಿನಲ್ಲಿ ಕೂತರು. ಪ್ರತಿ ತಿರುವಿನಲ್ಲೂ ಶುಂಠಿ ಪಾಕ ತುಳುಕಿ, "ಮೆಲ್ಲಗೆ ಲಾ, ಮೆಲ್ಲಗೆ!" ಎಂದು ಗದರುತ್ತಿದ್ದರು. ಕಣ್ಣಿಗೆ ನೇರ ಬಿಸಿಲು ಹೊಡೆಯುತ್ತಿತ್ತು. ಅವರ ಮನೆಯ ಮುಂದೆ ಬಿಳಿ ಕಾರು ಇರುತ್ತದೋ ಇಲ್ಲವೋ ತಿಳಿಯದೆ, ನಾನು ಇನ್ನಷ್ಟು ಮೆಲ್ಲಗೆ ಓಡಿಸಿದೆ.