ಫಿನಾಯಿಲ್ ಪಕ್ಕದ ಮಾಲು

ಮಾಗಿಯ ಚಳಿ. ಬೆಳಗಿನ ಪಾಳಿಯವರಿಗೆ ಚಹಾ ಬರುವ ಹೊತ್ತು. ಶುರುವಾದದ್ದು ಆಗ.

"ಏ, ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ. ಟೈಲ್ಸಿನ ಮ್ಯಾಲ ರಕ್ತ ಬೀಳತೈತಿ."

ಆಫೀಸಿನ ಬಾಗಿಲಲ್ಲಿ ನಮ್ಮನ್ನು ತಡೆದವನು ಗುತ್ತಿಗೆದಾರ ಗುರುಸಿದ್ದಯ್ಯ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ನಾನು ಜೊತೆಗೆ ಕೆಲಸ ಮಾಡುವ ಹುಲಿಗೆವ್ವನ ಬಲಗೈಯನ್ನು ನನ್ನ ಸೆರಗಿನಲ್ಲಿ ಸುತ್ತಿ ಹಿಡಿದಿದ್ದೆ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಎರಕ ಹೊಯ್ಯುತ್ತಾರೆ. ಎರಕದ ಅಂಚು ಉಜ್ಜುವುದು ನಮ್ಮ ಕೆಲಸ. ಉಜ್ಜುವ ಕಲ್ಲಿಗೆ ಮುಚ್ಚಳವಿರಲಿಲ್ಲ. ಕೇಳಿದಾಗಲೆಲ್ಲ ನಾಳೆ ಎನ್ನುತ್ತಿದ್ದರು. ಆ ಕಲ್ಲಿಗೆ ಅವಳ ಕೈ ಸಿಕ್ಕಿತ್ತು.

"ಗಾಡಿ ಕೊಡ್ರಿ, ದವಾಖಾನಿಗೆ ಒಯ್ತೇವಿ" ಎಂದೆ.

"ಗೋದಾಬಾಯಿ, ಕಲ್ಲು ತಿರಗೂ ಮುಂದ ಈ ರಂಡಿ ಲಕ್ಷ್ಯ ಎಲ್ಲಿತ್ತು? ಕಂಪನಿ ಗಾಡಿ ನಿಮ್ಮಪ್ಪಂದಲ್ಲ."

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಇಕ್ಬಾಲ ತನ್ನ ಅಣ್ಣನ ಟಂಟಂ ಆಟೋ ಕರೆಸಿದ. ಅದರಲ್ಲಿ ಹೋದೆವು.

ಡಾಕ್ಟರು ಅರಿವೆ ಬಿಚ್ಚಿ ನೋಡಿದರು. "ಎರಡು ಬೆರಳು ಹೋದುವು. ಅಂಗೈ ಉಳಸಬೇಕಂದ್ರ ಹುಬ್ಬಳ್ಳಿಗೆ ಆಪರೇಷನ್ನಿಗೆ ಕಳಸಬೇಕು. ಕಾರ್ಖಾನ್ಯಾಗ ಆದದ್ದು ಅಂತ ಕಂಪನಿಯವರು ಚೀಟಿ ಕೊಟ್ರ ವಿಮಾದಾಗ ಆಗತೈತಿ. ಲಗೂ ತರ್ರಿ. ಕೀವು ಏರಿದ್ರ ಕೈನ ತಗೀಬೇಕಾಗತೈತಿ."

ಮರುದಿನ ನಾನು, ತಾಜಬಿ, ಉಳಿದ ಹೆಂಗಸರು ಸೌರಭನ ಮೇಜಿನ ಮುಂದೆ ನಿಂತೆವು. ಧಾರವಾಡದ ಮಾಳಮಡ್ಡಿಯ ಹುಡುಗ. ನಮಗೂ ರೀ ಹಚ್ಚಿ ಮಾತಾಡುವವನು ಆ ಆಫೀಸಿನಲ್ಲಿ ಅವನೊಬ್ಬನೇ. ಕಂಪನಿಗೆ ಹೊಸ ಸಾಫ್ಟ್‌ವೇರ್ ಕೂಡಿಸುವ ಕೆಲಸ ಅವನದು. ಮನುಷ್ಯರು, ಯಂತ್ರ, ಗಿರಾಕಿ, ಮೊಳೆ, ಕಂಪನಿಯಲ್ಲಿ ಇರುವ ಎಲ್ಲದಕ್ಕೂ ಅದರಲ್ಲಿ ಒಂದೇ ಹೆಸರು, ಒಂದೇ ಜಾಗ. ಅದರಲ್ಲಿ ಇದ್ದದ್ದೇ ಖರೆ, ಅದರಲ್ಲಿ ಇಲ್ಲದ್ದು ಕಂಪನಿಯಲ್ಲೇ ಇಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

"ಹುಲಿಗೆವ್ವ ಅನ್ನೋರು ಮನಷ್ಯಾರ ಯಾದ್ಯಾಗ ಇಲ್ಲಲ್ರಿ ಅಜ್ಜಿ" ಎಂದ. ಮತ್ತೆ ಹುಡುಕಿದ. "ಹಾಂ, ಸಿಕ್ರು. ಮಾಲಿನ ಯಾದ್ಯಾಗ ಇದ್ದಾರ. ನೀವೆಲ್ಲಾ ಗುರುಸಿದ್ದಯ್ಯನವರ ಬಿಲ್ಲಿನ್ಯಾಗ ಬಂದೀರಲಾ, ಬಿಲ್ಲಿನ್ಯಾಗ ಬಂದದ್ದು ಮಾಲು. ಇಲ್ಲಿ ನೋಡ್ರಿ. ಫಿನಾಯಿಲ್, ಕಸಬರಿಗಿ, ಅರಿವಿ ಚಿಂದಿ, ಆಮ್ಯಾಲ ನೀವು."

"ಅಂದ್ರ ಏನೋ ತಮ್ಮಾ?"

"ಬಳಸಿ ಮುಗಸೂ ಸಾಮಾನ್ರಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ, ಅದು ಬರೇ ಒಂದು ವರ್ಗ."

"ಚೀಟಿ?"

"ಅಪಘಾತದ ಚೀಟಿ ಮನಷ್ಯಾರಿಗಷ್ಟ ಬರ್ತದ. ಸಾಮಾನಿಗೆ ಕೊಡಾಕ ಸಿಸ್ಟಮ್ ಬಿಡೂದಿಲ್ಲ."

ಹಿಂದೆ ಕುರ್ಚಿಯಲ್ಲಿ ಕೂತಿದ್ದ ಗುರುಸಿದ್ದಯ್ಯ ನಕ್ಕ. "ಯಾಕ ತಲಿ ಕೆಡಸ್ಕೋತೀರಿ ಸರ? ಮಾಲು ಕೆಟ್ಟೈತಿ ಅಂತ ಬರೀರಿ. ನಾಳೆ ಬದ್ಲಿ ಒಂದು ಹೆಂಗಸು ಕಳಸ್ತೇನಿ. ಹರೇದಾಕಿನ್ನ."

ಸೌರಭ ಬರೆದ. ಏನು ಬರೆದೆ ಎಂದು ಕೇಳಿದೆ. "ತಿರಸ್ಕರಿಸಲಾಗಿದೆ, ಬದಲಿ ಬರಲಿದೆ" ಎಂದು ನಿಧಾನವಾಗಿ, ನನಗೆ ತಿಳಿಯಲೆಂದು ಬಿಡಿಸಿ ಓದಿದ.

ಗೇಟಿನ ಹೊರಗೆ ತಾಜಬಿ ಉಗುಳಿದಳು. "ಸಾಮಾನಂತ. ಇವರ ಬಾಯಾಗ ಮಣ್ಣು ಬೀಳ್ಲಿ. ಕಲ್ಲು ಎತ್ತಿ ಆ ಕಂಪ್ಯೂಟರಿಗೆ ಒಗೀತೇನಿ ನಾನು."

"ಒಗದ್ರ ಇನ್ನೊಂದು ತರ್ತಾರ" ಎಂದ ಇಕ್ಬಾಲ. "ಸೋಮವಾರ ಗೋದಾಮಿನ ಎಣಿಕಿ ಐತಿ. ಎಣಸಾಕ ಪುಣೆಯಿಂದ ಬಾಯಾರು ಬರ್ತಾರ. ಎಲ್ಲಾ ಮಾಲು ತನ್ನ ತನ್ನ ಜಾಗಾದಾಗ ಇರಬೇಕು, ಎಣಿಕಿ ಮುಗಿಯೂತನಕ ಒಂದು ಲಾರಿನೂ ಹೊರಗ ಬಿಡಂಗಿಲ್ಲ. ಅವತ್ತ ಸಾಹೇಬರದು ಜೀವ ಕೈಯಾಗ."

ನಾನು ಬಹಳ ಮಾತಾಡುವವಳಲ್ಲ. ಸ್ವಲ್ಪ ದೂರ ನಡೆದ ಮೇಲೆ ಹೇಳಿದೆ: "ಹಂಗಾರ ನಾವೂ ನಮ್ಮ ಜಾಗಾದಾಗ ಇರೋಣು."

ಸೋಮವಾರ ಪಾಳಿ ಶುರುವಾಗುತ್ತಲೇ ಗೋದಾಮಿಗೆ ಹೋದೆವು. ಫಿನಾಯಿಲ್ ಡಬ್ಬಿಗಳನ್ನು ಸರಿಸಿ ಕಬ್ಬಿಣದ ಹಲಗೆಯ ಮೇಲೆ ಸಾಲಾಗಿ ಕೂತೆವು. ಕೊರಳಲ್ಲಿ ಗೇಟಿನ ಕಾರ್ಡು. ಕೈ ಮಡಿಲಲ್ಲಿ.

ಎಣಿಕೆಗೆ ಬಂದ ಶಾಂಭವಿ ಬಾಯಿ ನಮ್ಮ ಮುಂದೆ ನಿಂತಳು. "ಇವರ್ಯಾರು?"

"ಮಾಲ್ರಿ" ಎಂದ ಇಕ್ಬಾಲ, ಫೋರ್ಕ್‌ಲಿಫ್ಟಿನ ಮೇಲಿಂದ.

"ಅಜ್ಜಿ, ಇಳೀರಿ, ಪ್ಲೀಸ್" ಎಂದ ಸೌರಭ.

"ಇಳೀರೇ ಸೂಳ್ಯಾರಾ" ಎಂದ ಗುರುಸಿದ್ದಯ್ಯ.

"ಮಾಲು ತಾನ ಇಳೀತಾವೇನ್ರಿ?" ಎಂದಳು ತಾಜಬಿ. "ಎತ್ರಿ."

"ಇಕ್ಬಾಲ, ಎತ್ತಿ ಹೊರಗ ಇಡೋ ಇವನ್ನ" ಎಂದ ಗುರುಸಿದ್ದಯ್ಯ.

"ಮನಷ್ಯಾರನ್ನ ಇದರ ಮ್ಯಾಲ ಎತ್ತಿದ್ರ ನನ್ನ ಲೈಸೆನ್ಸ್ ಹೋಗತೈತ್ರಿ. ಮಾಲು ಅಂತ ಬರದು ಸಹಿ ಮಾಡಿ ಕೊಡ್ರಿ, ಈಗ ಎತ್ತತೇನಿ."

ಯಾರೂ ಸಹಿಗೆ ಮುಂದೆ ಬರಲಿಲ್ಲ. ಶಾಂಭವಿ ಬಾಯಿ ಕೈಯ ಯಂತ್ರವನ್ನು ನನ್ನ ಕಾರ್ಡಿಗೆ ಹಿಡಿದಳು. ಹಸಿರು ದೀಪ ಹತ್ತಿತು. "ಗುತ್ತಿಗಿದಾರರ ಮಾಲು ಅಂತ ತೋರಸ್ತದ" ಎಂದಳು. ಮುಖದಲ್ಲಿ ಏನೂ ಇರಲಿಲ್ಲ. "ತಗಿಯೂದಿದ್ರ ಗುತ್ತಿಗಿದಾರರ ತಗೀಲಿ. ಇದು ಬಗೀಹರಿಯೂತನಕ ಎಣಿಕಿ ಮುಗಿಯೂದಿಲ್ಲ."

ಎಲ್ಲರೂ ಗುರುಸಿದ್ದಯ್ಯನ ಕಡೆ ನೋಡಿದರು.

ಇವನ ಅಪ್ಪನ ಹೊಲದಲ್ಲಿ ನಾನು ಸಣ್ಣವಳಿದ್ದಾಗ ಹತ್ತಿ ಬಿಡಿಸಿದ್ದೇನೆ. ಆತ ರೊಟ್ಟಿಯನ್ನು ಮೇಲಿನಿಂದ ಬಿಡುತ್ತಿದ್ದ, ನಮ್ಮ ಕೈ ತಾಕಬಾರದೆಂದು. ಬೊಗಸೆ ತಪ್ಪಿ ಬಿದ್ದ ರೊಟ್ಟಿಯ ಮಣ್ಣು ಊದಿ ತಿಂದದ್ದು ನನ್ನ ನಾಲಿಗೆಗೆ ಈಗಲೂ ಗೊತ್ತು. ಆ ಮನೆಯ ಮಗ ಈಗ ನನ್ನನ್ನು ಎತ್ತಲು ಕಂಕುಳಿಗೆ ಕೈ ಹಾಕಿದ. ನಾನು ಮೈಯನ್ನು ಹೆಣದ ಹಾಗೆ ಬಿಟ್ಟೆ. ಅವನು ಮುಗ್ಗರಿಸಿದ. ಅವನ ಹಣೆ ನನ್ನ ಭುಜಕ್ಕೆ ಉಜ್ಜಿತು, ವಿಭೂತಿ ನನ್ನ ಕುಪ್ಪಸಕ್ಕೆ ಬಂತು. ನನ್ನ ಬೆವರು, ಕಬ್ಬಿಣದ ಕರಿ ಅವನ ಬಿಳಿ ಅಂಗಿಗೆ ಹೋಯಿತು. ಅವನ ಕಿವಿ ನನ್ನ ಬಾಯಿಯ ಹತ್ತಿರವೇ ಇತ್ತು.

"ಹಗೂರಕ ಇಡೋ ಯಪ್ಪಾ" ಎಂದೆ. "ನಿಮ್ಮಪ್ಪನಂಗ ಮ್ಯಾಲಿಂದ ಒಗೀಬ್ಯಾಡ."

ಇಟ್ಟ. ತಾಜಬಿಯನ್ನು ಎತ್ತಲು ಹೋದ. ಅವನು ಅವಳನ್ನು ಇಳಿಸುವಷ್ಟರಲ್ಲಿ ನಾನು ಮತ್ತೆ ಹಲಗೆ ಹತ್ತಿ ಕೂತಿದ್ದೆ. ಹೆಂಗಸರು ನಕ್ಕರು. ಅವನು ಮತ್ತೆ ನನ್ನನ್ನು ಎತ್ತಿದ. ತಾಜಬಿ ಹತ್ತಿದಳು. ಕೊನೆಗೆ ಗುರುಸಿದ್ದಯ್ಯ ಎದೆ ಹಿಡಿದು ಒಂದು ಫಿನಾಯಿಲ್ ಡಬ್ಬಿಯ ಮೇಲೆ ಕುಕ್ಕರಿಸಿದ. ತನ್ನ ಅಂಗೈಗಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಮುಂದಕ್ಕೆ ಚಾಚಿ ಹಿಡಿದಿದ್ದ. ಗೇಟಿನಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

"ತಮ್ಮಾ" ಎಂದೆ ಸೌರಭನಿಗೆ. "ಹುಲಿಗೆವ್ವನ್ನ ಮನಷ್ಯಾರ ಯಾದ್ಯಾಗ ಬರಿ. ಆಕಿ ಕೆಲಸಕ್ಕ ಬಂದ ದಿನದಿಂದ ಬರಿ. ಚೀಟಿ ತಗದು ಕೊಡು. ಅಲ್ಲೀತನಕ ನಾವು ಮಾಲ."

ಅವನು ಮ್ಯಾನೇಜರಿಗೆ ಫೋನು ಮಾಡಿದ. ಏನರ ಮಾಡು, ಲಾರಿ ಬಿಡು ಎಂದು ಅತ್ತ ಕೂಗಿದ್ದು ನಮಗೂ ಕೇಳಿಸಿತು. ಸೌರಭ ನಿಂತುಕೊಂಡೇ ಬರೆದ. ಚೀಟಿ ಬಂತು. ಇಕ್ಬಾಲ ಅದನ್ನು ಅಂಗಿಯ ಒಳಗೆ ಇಟ್ಟುಕೊಂಡು ಆಸ್ಪತ್ರೆಗೆ ಓಡಿದ. ಆಮೇಲೆ ನಾವು ನಮ್ಮ ಕಾಲ ಮೇಲೆ ಇಳಿದೆವು.

ಆ ರಾತ್ರಿಯೇ ಹುಲಿಗೆವ್ವನನ್ನು ಹುಬ್ಬಳ್ಳಿಗೆ ಒಯ್ದರು. ಅಂಗೈ ಉಳಿಯಿತು. ಬೆರಳು ಮೂರೇ.

ಮಂಗಳವಾರ ಗೇಟಿನಲ್ಲಿ ನಮ್ಮ ಕಾರ್ಡು ಹಿಡಿದರೆ ಕೆಂಪು ದೀಪ ಹತ್ತಿತು. ನಾವು ಗೇಟಿನ ಎದುರೇ ಕೂತೆವು. ಬದಲಿಗೆ ಕರೆತಂದ ಹೆಂಗಸರು ನಮ್ಮನ್ನು ನೋಡಿ ಟಂಟಂ ಇಳಿಯದೆ ತಿರುಗಿ ಹೋದರು. ಕಂಪನಿಯೇ ಚೀಟಿ ಕೊಟ್ಟ ಮೇಲೆ ಸರ್ಕಾರದ ತಪಾಸಣೆಯವರು ಬಾರದೆ ಇರುತ್ತಾರೆಯೇ? ಬುಧವಾರ ಬಂದು ಮುಚ್ಚಳವಿಲ್ಲದ ಕಲ್ಲುಗಳಿಗೆ ಮುದ್ರೆ ಹಾಕಿದರು. ಒಳಗೆ ಉಜ್ಜುವ ಸಪ್ಪಳ ನಿಂತಿತು.

ಮರುದಿನ ಸೌರಭ ಹೆಗಲಿಗೆ ಚೀಲ ಹಾಕಿಕೊಂಡು ಹೊರಗೆ ಬಂದ. ನನ್ನ ಮುಂದೆ ನಿಂತ. ಕಣ್ಣು ಕೆಂಪಾಗಿದ್ದವು.

"ಅಜ್ಜಿ, ನನ್ನನ್ನ ತಗದು ಹಾಕಿದ್ರು. ಆ ಚೀಟಿ ಯಾಕ ಕೊಟ್ಟಿ ಅಂತ. ನಿಮ್ಮ ಸಂಬಂಧ ನನ್ನ ನೌಕರಿ ಹೋತು."

ತಾಜಬಿ ನನ್ನ ಮುಖ ನೋಡಿದಳು. ನಾನು ಅವನನ್ನು ನೋಡಿದೆ.

"ಎರಡೂ ಕೈ ಅದಾವಲ್ಲೋ" ಎಂದೆ.

ಅವನು ಹೆಗಲ ಚೀಲ ಸರಿಮಾಡಿಕೊಂಡ. ರಸ್ತೆ ದಾಟಿ ಧಾರವಾಡದ ಬಸ್ಸು ಹತ್ತಿದ. ಸೌರಭ ಹೋದದ್ದು ಗುರುವಾರ.