ಚಪ್ಪಾಳೆಯಲ್ಲಿ ಮುಳುಗಿದ ಮಾತು

ದ್ವೀಪದ ಪಟ್ಟಣವಾದ ಅವಾರುವಾದ ಸಭಾಭವನದಲ್ಲಿ ಅಕ್ಕ ತೆಕುರಾ, ತಂಗಿ ಅಕೈತಿ ಜೊತೆಯಾಗಿ ಹಾಡಿದ್ದು ಅದೇ ಕೊನೆ. ಮುಂದಿನ ಈಸ್ಟರ್ ಹೊತ್ತಿಗೆ ತೆಕುರಾ ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಕೆಲವು ವಾರಗಳ ಮೇಲೆ ಅವಳ ಮಗಳು ಮೆರೆ, ತಾನು ಕೆಲಸ ಮಾಡುವ ರೇಡಿಯೋದಿಂದ ಆ ಕಾರ್ಯಕ್ರಮದ ಧ್ವನಿಮುದ್ರಣ ತಂದಳು.

"ಹಾಕೇ, ನಿಮ್ಮಮ್ಮನ ದನಿ ಕೇಳ್ಬೇಕು," ಎಂದಳು ಅಕೈತಿ.

ಮೊದಲ ಹಾಡುಗಳಲ್ಲೆಲ್ಲ ಅಕ್ಕನ ದನಿಯಿತ್ತು. ಕೊನೆಯ ಹಾಡಿನ ಕೊನೆಯ ಚರಣದಲ್ಲಿ ಮಾತ್ರ ಯುಕುಲೆಲೆ, ಡೋಲುಗಳ ಜೊತೆ ಕೇಳಿಸಿದ್ದು ಅಕೈತಿಯೊಬ್ಬಳೇ. ಹಾಡು ಮುಗಿದದ್ದೇ ಜನ ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ, ಮೈಕಿಗೆ ತೀರಾ ಹತ್ತಿರದಲ್ಲಿ, ತೆಕುರಾ ಹೇಳುತ್ತಿದ್ದಳು: "ಏ ಅಕೈ, ನಂಗೆ ದನೀನೇ ಬರ್ಲಿಲ್ಲ ಕಣೆ. ಭಯ ಆಗ್ತಿದೆ."

ಅದರ ಹಿಂದೆಯೇ ಅಕೈತಿಯ ನಗು: "ಹೂಂ ಹೂಂ, ಕೈ ಬೀಸೇ ಅಕ್ಕ! ನೋಡು, ಎಲ್ರೂ ಎದ್ದು ನಿಂತವ್ರೆ!"

ಮೆರೆ ಅಲ್ಲಿಗೇ ನಿಲ್ಲಿಸಿದಳು. "ಚಿಕ್ಕಮ್ಮ, ಅಮ್ಮ ನಿಂಗೆ ಆಗ್ಲೇ ಹೇಳಿದ್ಲಾ?"

"ಆ ಚಪ್ಪಾಳೇಲಿ ನಂಗೆ ಕೇಳಿಸ್ಲೇ ಇಲ್ವಲ್ಲೇ. ಅವ್ಳು ಇನ್ನೊಂದ್ಸಲ ಹೇಳ್ಲೂ ಇಲ್ಲ."

ಅಕೈತಿ ಎದ್ದು, ಅಲ್ಲಿನ ರೂಢಿಯಂತೆ ಮನೆಯಂಗಳದಲ್ಲೇ ಇದ್ದ ಅಕ್ಕನ ಸಮಾಧಿಯ ಪಕ್ಕ ಕುಸಿದು ಕೂತಳು.

"ಈಗ ಹೇಳೇ ಅಕ್ಕ," ಎಂದು ಬಿಕ್ಕಿದಳು, "ಕೇಳ್ತೀನಿ."