ಬಿದ್ದ ಇಟ್ಟಿಗೆ

“ಸೈನ್ ಹಾಕ್ಲಿಕ್ಕೆ ಎಂತ ರೋಗ ನಿಂಗೆ ರಾಯಪ್ಪ? ಬರೀಲಿಕ್ಕೆ ಬರೂದಿಲ್ಲಾಂದ್ರೆ ಹೆಬ್ಬೆಟ್ಟು ಒತ್ತು. ಸಿಮೆಂಟ್ ಮೆತ್ತಿದ ಹೆಬ್ಬೆಟ್ಟಾದ್ರೂ ಅಡ್ಡಿಲ್ಲ.”

ಕ್ಲೆಮೆಂಟ್ ಅರಬ್ಬಿ ಕಾಗದವನ್ನು ನನ್ನ ಗಂಡನ ಮೂಗಿನ ಹತ್ತಿರ ಆಡಿಸಿದ. ಮಂಗಳೂರು ಕಡೆಯವನು, ನಮಗೆ ವೀಸಾ ಕೊಟ್ಟ ಅರಬ್ಬಿ ಧಣಿ ಕಫೀಲನ ಕಾಗದಪತ್ರವೆಲ್ಲ ಅವನ ಕೈಯಲ್ಲೇ. ಕೊಲ್ಲಿ ನಾಡಿನ ಸಲ್ವಾದ ಈ ವಿಲ್ಲಾ ಕಫೀಲನದು, ಅದರ ಹಿಂದೆ ನಾವು ಬಾಡಿಗೆಗಿರುವ ಎರಡು ಕೋಣೆ ಕಫೀಲನವು, ನಾವು ಈ ದೇಶದಲ್ಲಿರಲು ಬೇಕಾದ ಪರವಾನಗಿ, ಇಕಾಮಾ ಕೂಡ ಕಫೀಲನ ಹಿಡಿತದಲ್ಲೇ.

“ಏನ್ ಬರದೈತ್ರಿ ಇದ್ರಾಗ?” ಇವರು ಕೇಳಿದರು.

“ಕಾಂಪೌಂಡ್ ಗೋಡೆ ನೀನು ಬೀಳಿಸಿದ್ದು, ಪಕ್ಕದವರ ಎಸಿ ಅದರಿಂದ ಒಡೆದದ್ದು ಅಂತ. ಅವರು ಪೊಲೀಸಿಗೆ ಹೋಗಿದ್ದಾರೆ ಮಾರಾಯ. ಯಾರದ್ದಾದ್ರೂ ಒಂದು ಹೆಸರು ಬೇಕಲ್ಲ?”

“ಗಾಡಿ ಹಿಂದ ತಗೊಳ್ಳಾಕ ಹೋಗಿ ಗುದ್ದಿದಾವ ನಿಮ್ಮ ಕಫೀಲನ ಮಗ.”

“ಅವನಿಗೆ ಲೈಸೆನ್ಸೇ ಇಲ್ಲ. ಅವನ ಹೆಸರು ಬರ್ಲಿಕ್ಕುಂಟಾ? ನೋಡಿದವರು ಯಾರು?”

“ನಾ ನೋಡೀನ್ರಿ,” ಎಂದೆ ಬಾಗಿಲಲ್ಲಿ ನಿಂತು. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು.

“ನೀನು ಒಳಗೆ ಹೋಗು ಗೌರವ್ವ. ರೊಟ್ಟಿ ಕರಟ್ತದೆ.” ಇವರ ಕಡೆ ತಿರುಗಿದ. “ಗೋಡೆ ಬಿದ್ದ ಒಂದು ಗಂಟೆಯಲ್ಲಿ ಇಟ್ಟಿಗೆ ಜೋಡಿಸಿ, ಗುಡಿಸಿ, ತೊಳೆದದ್ದು ಯಾರು? ತಪ್ಪಿಲ್ಲದವನು ಯಾಕೆ ಕ್ಲೀನ್ ಮಾಡಿದ?”

ನಿಜ, ನಾವೇ ಮಾಡಿದ್ದು. ಇವರು ಬಾಗಲಕೋಟೆ ಕಡೆಯ ಗೌಂಡಿ; ಬಿದ್ದ ಇಟ್ಟಿಗೆ ಕಂಡರೆ ಸುಮ್ಮನಿರುವ ಕೈಯಲ್ಲ. ಅವತ್ತು ಡ್ಯೂಟಿಯಿಂದ ಬಂದವರು ಚಹಾ ಕುಡಿಯದೆ, ಇಡೀ ಇಟ್ಟಿಗೆ ಬೇರೆ, ಒಡೆದದ್ದು ಬೇರೆ ಮಾಡಿ ಒಟ್ಟಿದರು. ಮಗಳು ಬರಿಗಾಲಲ್ಲಿ ಓಡಾಡುತ್ತಾಳೆಂದು ನಾನು ನೀರು ಚೆಲ್ಲಿ ಕಸಬರಿಗೆ ಎಳೆದೆ. ಟೈರಿನ ಗುರುತೂ ಅದರ ಜೊತೆಗೆ ಹೋಯಿತು.

“ಇಕಾಮಾ ಮುಗೀಲಿಕ್ಕೆ ಇನ್ನು ಒಂಬತ್ತು ದಿನ,” ಎಂದ ಕ್ಲೆಮೆಂಟ್. “ಸೈನ್ ಹಾಕಿದ್ರೆ ರಿನ್ಯೂ ಆಗ್ತದೆ. ಇಲ್ಲಾಂದ್ರೆ ಖಲಾಸ್. ಮಗಳ ಶಾಲೆಯೂ ಖಲಾಸ್. ಇವತ್ತೇ ಗೋಡೆ ಮುಗಿಸು. ನಾಲ್ಕು ಗಂಟೆಗೆ ಬರ್ತೇನೆ.”

ಅವನು ಹೋದ ಮೇಲೆ ಇವರು ಗಾರೆ ಮೆತ್ತುವ ಕರಣಿ ಹುಡುಕಿದರು.

“ಬೋಳಿಮಗ, ಕನ್ನಡದಾಗ ಬೈತಾನ, ಅರಬ್ಬಿಯೊಳಗ ಬರಸ್ಕೋತಾನ.”

“ಸೈನ್ ಮಾಡ್ತೀರೇನು?”

“ಮಾಡಿದ್ರ ಪೊಲೀಸ್ರು ಹಿಡೀತಾರ. ಬಿಟ್ರ ಇಕಾಮಾ ಇಲ್ಲಂತ ಹಿಡೀತಾರ. ನೀರ ತಗೊಂಬಾ.”

ಶುಕ್ರವಾರ, ರಜೆ. ನಾನು ಮರಳು ಜರಡಿ ಹಿಡಿದು ಸಿಮೆಂಟ್ ಕಲಸಿದೆ. ಇವರು ಸಾಲಿನ ಮೇಲೆ ಸಾಲು ಇಟ್ಟರು. ಗೋಡೆ ಬಿದ್ದ ನಾಲ್ಕು ದಿನ ನಮ್ಮ ಅಡುಗೆಮನೆಗೆ ಮೊದಲ ಬಾರಿ ಬೆಳಕು ಬಂದಿತ್ತು. ಆರು ವರ್ಷದ ಕಾಂಚನಾ ಪಕ್ಕದ ಅಂಗಳದ ಖರ್ಜೂರದ ಮರಕ್ಕೆ ದಿನವೂ ಗುಡ್ ಮಾರ್ನಿಂಗ್ ಹೇಳುತ್ತಿದ್ದಳು. ಈಗ ಆ ಮರ ಬುಡದಿಂದ ಮುಳುಗುತ್ತಾ ಬಂತು.

ಒಬ್ಬರು ದಾಟುವಷ್ಟು ಸಂದಿ ಬಿಟ್ಟು, ಇವರು ಆ ಕಡೆಗೆ ಹೋಗಿ ಪಕ್ಕದವರ ಬದಿಗೆ ಮೊದಲು ಪ್ಲಾಸ್ಟರ್ ಮಾಡಿದರು. ಸಿಮೆಂಟ್ ಕೊಡಲು ನಾನೂ ಆ ಕಡೆಗೆ ದಾಟಿದೆ; ಕಾಂಚನಾ ನನ್ನ ಹಿಂದೆಯೇ ಬಂದು ಬಿಸ್ಕತ್ತಿನ ಡಬ್ಬಿ ಹಿಡಿದು ನೋಡುತ್ತಾ ನಿಂತಿದ್ದಳು. ಡಬ್ಬಿ ಗಲಗಲ ಎಂದಿತು.

“ಏನೈತವ್ವ ಅದ್ರಾಗ?”

“ಮೈ ರೂಬೀಸ್, ಮಮ್ಮಿ.”

ಕಫೀಲನ ಮಗನ ಕಾರಿನ ಹಿಂದಿನ ದೀಪದ ಕೆಂಪು ಚೂರುಗಳು. ನಾನು ಗುಡಿಸುವ ಮೊದಲೇ ಆರಿಸಿಟ್ಟುಕೊಂಡಿದ್ದಳು. ಆ ಕಾರು ವಿಲ್ಲಾದ ಗೇಟಿನ ಹೊರಗೆ ಬೀದಿಯಲ್ಲೇ ನಿಂತಿತ್ತು, ಒಡೆದ ದೀಪಕ್ಕೆ ಕಪ್ಪು ಟೇಪು ಅಂಟಿಸಿಕೊಂಡು.

ನಮ್ಮೂರಲ್ಲಿ ತುಳಸಿಕಟ್ಟೆಗೆ ಹೊಸ ಗಾರೆ ಮೆತ್ತಿದಾಗ, ಹಸಿ ಇರುವಾಗಲೇ ಅವ್ವ ಒಡೆದ ಬಳೆಚೂರು ಒತ್ತುತ್ತಿದ್ದಳು.

“ನನಗ ಕೊಡವ್ವ,” ಎಂದೆ ಕಾಂಚನಾಗೆ. ಅವಳು ಡಬ್ಬಿಯನ್ನು ಎದೆಗವಚಿಕೊಂಡಳು. ನಾನು ಕಾದೆ. ಕೊನೆಗೆ ಒಂದೊಂದೇ ಎಣಿಸಿ ನನ್ನ ಅಂಗೈಗೆ ಹಾಕಿದಳು. ಹನ್ನೊಂದು.

ಕಾರು ಗುದ್ದಿದಷ್ಟೇ ಎತ್ತರದಲ್ಲಿ, ಹಸಿ ಪ್ಲಾಸ್ಟರಿಗೆ ಸಾಲಾಗಿ ಒತ್ತಿದೆ. ಇವರು ನೋಡಿದರು. ಒಂದು ಚೂರು ಸೊಟ್ಟಗಾಗಿತ್ತು. ಕರಣಿಯ ತುದಿಯಿಂದ ನೆಟ್ಟಗೆ ಮಾಡಿದರು.

ನಾಲ್ಕಕ್ಕೆ ಕ್ಲೆಮೆಂಟ್ ಸಂದಿಯಿಂದ ನುಸುಳಿ ಬಂದ. ಕೈಯಲ್ಲಿ ಅದೇ ಕಾಗದ.

“ಎಂತದ್ದಿದು? ನಿಂಗೆ ಮಂಡೆ ಸಮ ಉಂಟಾ? ತೆಗಿ!”

“ನಮ್ಮ ಕಡೆ ಹಿಂಗ ಮಾಡ್ತೀವ್ರಿ. ಚಂದ ಕಾಣ್ಲಿ ಅಂತ,” ಎಂದೆ.

“ತೆಗಿ ಅಂದೆ, ದರಿದ್ರದವಳೇ!”

ಆ ಗದ್ದಲಕ್ಕೆ ಪಕ್ಕದ ಮನೆಯ ಮುತ್ತಲಿಬ್ ಹೊರಗೆ ಬಂದರು. ಕಂಪ್ಲೇಂಟ್ ಕೊಟ್ಟ ಮುದುಕರು. ಗೋಡೆಯ ಹತ್ತಿರ ಬಗ್ಗಿ ನೋಡಿದರು. “ಶಿನು ಹಾದಾ?” ಎಂದರು. ಏನಿದು ಎಂದು.

ಕ್ಲೆಮೆಂಟ್ ನಗುತ್ತಾ ಅರಬ್ಬಿಯಲ್ಲಿ ಏನೋ ಶುರುಮಾಡಿದ. ನನಗೆ ಬರುವ ಅರಬ್ಬಿ ಮಾತು ಹತ್ತೋ ಹನ್ನೆರಡೋ. ಅದರಲ್ಲಿ ಒಂದನ್ನು ಹೇಳಿ ಗೇಟಿನ ಕಡೆ ಕೈ ತೋರಿಸಿದೆ.

“ಸಯ್ಯಾರಾ.” ಕಾರು.

ಮುದುಕರು ನನ್ನನ್ನು ನೋಡಿದರು. ಗೋಡೆಯಿಂದ ಒಂದು ಚೂರು ಕಿತ್ತು, ಬೆರಳಲ್ಲಿ ಸಿಮೆಂಟ್ ಒರೆಸಿ, ಬೀದಿಗೆ ನಡೆದರು. ಅವರ ಚಪ್ಪಲಿ ಸದ್ದು ಕಾರಿನ ಹತ್ತಿರ ಹೋಗಿ ನಿಂತಿತು.

“ಸತ್ತಿರಿ ನೀವು,” ಎಂದ ಕ್ಲೆಮೆಂಟ್ ಮೆಲ್ಲಗೆ. “ಇಕಾಮಾ ಇನ್ನು ಕನಸಿನಲ್ಲಿ ನೋಡಿ.” ಅವನ ಕೈಯಲ್ಲಿ ಕಾಗದ ಹಾಗೆಯೇ ಇತ್ತು, ಸೈನಿನ ಜಾಗ ಖಾಲಿ.

ಚೂರು ಕಿತ್ತಲ್ಲಿ ಸಣ್ಣ ಕುಳಿ ಬಿದ್ದಿತ್ತು. ಇವರು ಅಭ್ಯಾಸದಂತೆ ಕರಣಿಯಲ್ಲಿ ಸಿಮೆಂಟ್ ತುಂಬಿಕೊಂಡು ಅದರ ತನಕ ಒಯ್ದರು. ಅಲ್ಲೇ ನಿಂತರು. ನಂತರ ಕರಣಿಯನ್ನು ಬುಟ್ಟಿಗೆ ಕೊಡವಿ, ಸಂದಿಯ ಪಕ್ಕ ಉಳಿದಿದ್ದ ಇಟ್ಟಿಗೆಗಳ ಮೇಲೆ ಕುಳಿತರು.

ಬುಟ್ಟಿಯಲ್ಲಿ ಸಿಮೆಂಟ್ ಗಟ್ಟಿಯಾಗತೊಡಗಿತು. ಬೀದಿಯಿಂದ, ಒಡೆದ ದೀಪದ ಮೇಲಿನ ಟೇಪು ಸುಲಿಯುವ ಸದ್ದು ಬಂತು.